ಓಟ ನೋಡಲು ಹೋಗುವವರ ದಾರಿ

ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿ ಭಟ್ಕಳದ ಕಡೆಗೆ ಹೊರಟರೆ, ಕಾಸರಕೋಡು ಕಳೆದ ಮೇಲೆ ಕಡಲ ಬದಿಗೆ ಒಂದು ಕವಲುದಾರಿ ಸಿಗುತ್ತದೆ. ಅದು ಅಪ್ಸರಕೊಂಡದ ದಾರಿ. ಪುಟ್ಟದೊಂದು ಜಲಪಾತ, ಅದರ ಕೆಳಗಿನ ಹೊಂಡ, ಪಾಂಡವರು ಇದ್ದರೆಂದು ಜನ ಹೇಳುವ ಗುಹೆಗಳು, ಗುಡ್ಡದ ನೆತ್ತಿಯಿಂದ ಕಾಣುವ ಅರಬ್ಬೀ ಸಮುದ್ರ. ಇವನ್ನು ನೋಡಲು ಬರುವವರಲ್ಲಿ ಈಗ ಬೈಕ್ ಸವಾರರ ಗುಂಪುಗಳೂ ಸೇರಿವೆ. ಹತ್ತು ಹನ್ನೆರಡು ಬೈಕುಗಳು ಒಟ್ಟಿಗೆ ಬಂದು ನಿಂತರೆ ಊರಿನ ಹುಡುಗರು ಸುತ್ತ ನೆರೆಯುತ್ತಾರೆ. ಅವರು ಕೇಳುವ ಪ್ರಶ್ನೆಗಳು ಎರಡೇ: ‘ಎಷ್ಟು ಸ್ಪೀಡ್ ಹೋಗ್ತದೆ?’ ‘ಮೈಲೇಜ್ ಎಷ್ಟು ಕೊಡ್ತದೆ?’

ಜಗತ್ತಿನ ಅತ್ಯಂತ ಹೆಸರಾದ ಮೋಟಾರ್ ಸೈಕಲ್ ರೇಸೊಂದು ಹುಟ್ಟಿದ್ದು ಸರಿಯಾಗಿ ಈ ಎರಡು ಪ್ರಶ್ನೆಗಳಿಂದಲೇ ಎಂದರೆ ಆ ಹುಡುಗರಿಗೆ ಆಶ್ಚರ್ಯವಾದೀತು. ಅದನ್ನು ನೋಡಲು ಸಾವಿರಾರು ಸವಾರರು ಗುಂಪು ಕಟ್ಟಿಕೊಂಡು ದೇಶ ದೇಶಗಳಿಂದ ಹೊರಡುತ್ತಾರೆ. ಓಟ ನೋಡುವುದಕ್ಕಾಗಿ ಇಷ್ಟು ದೂರ ಓಡಬೇಕೇ ಎಂದು ಕೇಳಬಹುದು. ಕರಾವಳಿಯವರಿಗೆ ಇದು ತೀರ ಹೊಸ ಸಂಗತಿಯಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಕಾಲದಲ್ಲಿ ಆಟ ನೋಡಲು ಜನ ಹೋಗುತ್ತಿದ್ದದ್ದು ಹೇಗೆ? ತೆಂಗಿನ ಗರಿಯ ಸೂಡಿ ಹಿಡಿದು, ಗದ್ದೆ ಅಂಚಿನ ಮೇಲೆ ಸಾಲಾಗಿ. ದಾರಿ ಬಲ್ಲವನೊಬ್ಬ ಮುಂದೆ, ಧೈರ್ಯವಂತನೊಬ್ಬ ಹಿಂದೆ, ಮಕ್ಕಳು ಮುದುಕರು ನಡುವೆ. ಆಟದಷ್ಟೇ ಆ ನಡಿಗೆಯೂ ನೆನಪಿನಲ್ಲಿ ಉಳಿಯುತ್ತಿತ್ತು. ಬೈಕಿನ ಗುಂಪು ನಡೆಯುವುದೂ ಇದೇ ಕ್ರಮದಲ್ಲಿ. ಅದನ್ನು ಮುಂದೆ ನೋಡೋಣ.

ಬ್ರಿಟನ್ ಮತ್ತು ಐರ್ಲೆಂಡ್‌ಗಳ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 572 ಚದರ ಕಿಲೋಮೀಟರ್. ಬ್ರಿಟಿಷ್ ದೊರೆಗೆ ಸೇರಿದ್ದರೂ ಅದಕ್ಕೆ ತನ್ನದೇ ಶಾಸನಸಭೆ ಉಂಟು, ಹೆಸರು ಟಿನ್ವಾಲ್ಡ್. 1903ರ ಕಾಯ್ದೆ ಬ್ರಿಟನ್ನಿನ ರಸ್ತೆಗಳಲ್ಲಿ ಮೋಟಾರು ವಾಹನಗಳ ವೇಗವನ್ನು ಗಂಟೆಗೆ 20 ಮೈಲಿಗೆ, ಅಂದರೆ 32 ಕಿಲೋಮೀಟರಿಗೆ ಮಿತಿಗೊಳಿಸಿತ್ತು. ರಸ್ತೆ ಮುಚ್ಚಿ ರೇಸ್ ನಡೆಸಲು ಅಲ್ಲಿ ಅವಕಾಶವಿರಲಿಲ್ಲ. ಟಿನ್ವಾಲ್ಡ್ 1904ರಲ್ಲಿ ಕಾನೂನು ಮಾಡಿ ತನ್ನ ರಸ್ತೆಗಳಲ್ಲಿ ಅದಕ್ಕೆ ಅವಕಾಶ ಕೊಟ್ಟಿತು. ಮೊದಲು ಕಾರುಗಳು ಬಂದವು. 1907ರ ಮೇ 28ರಂದು ಮೋಟಾರ್ ಸೈಕಲ್ಲುಗಳ ‘ಟೂರಿಸ್ಟ್ ಟ್ರೋಫಿ’ ನಡೆಯಿತು. ಟಿ.ಟಿ. ಎಂದು ಹೆಸರಾದದ್ದು ಇದೇ.

ರೇಸಿನ ಹೆಸರಿನಲ್ಲಿ ‘ಪ್ರವಾಸಿ’ ಯಾಕೆ ಬಂದ? ಅಂದಿನ ರೇಸ್ ಬೈಕುಗಳು ರಸ್ತೆಯ ಬಳಕೆಗೆ ಬಾರದ, ಎಂಜಿನ್ನೇ ಮೈಯೆಲ್ಲ ಆದ ವಿಚಿತ್ರ ಯಂತ್ರಗಳಾಗಿದ್ದವು. ಸಾಮಾನ್ಯ ಪ್ರಯಾಣಿಕ ಊರಿಂದೂರಿಗೆ ಹೋಗಬಲ್ಲ ಬೈಕುಗಳು ಸುಧಾರಿಸಬೇಕು ಎಂಬುದು ಹೊಸ ಸ್ಪರ್ಧೆಯ ಉದ್ದೇಶ. ಆದ್ದರಿಂದ ಸೀಟು, ಸೈಲೆನ್ಸರ್, ಮಡ್‌ಗಾರ್ಡ್ ಇರಲೇಬೇಕು ಎಂದು ನಿಯಮ ಮಾಡಿದರು. ಅಷ್ಟೇ ಅಲ್ಲ, ಪೆಟ್ರೋಲನ್ನೂ ಅಳೆದು ಕೊಟ್ಟರು. ಒಂದು ಸಿಲಿಂಡರಿನ ಬೈಕು ಗ್ಯಾಲನ್ನಿಗೆ 90 ಮೈಲಿ, ಎರಡು ಸಿಲಿಂಡರಿನದು 75 ಮೈಲಿ ಓಡಬೇಕು. ಇಂದಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 32 ಮತ್ತು 27 ಕಿಲೋಮೀಟರ್. ವೇಗ, ಮೈಲೇಜ್ ಎರಡೂ ಪರೀಕ್ಷೆಗೆ ಒಳಪಟ್ಟವು. ಒಂದು ಸಿಲಿಂಡರಿನ ವಿಭಾಗದಲ್ಲಿ ಗೆದ್ದ ಚಾರ್ಲಿ ಕಾಲಿಯರ್ ಸುಮಾರು 254 ಕಿಲೋಮೀಟರ್ ದೂರವನ್ನು ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಮುಗಿಸಿದ. ಸರಾಸರಿ ವೇಗ ಗಂಟೆಗೆ 61 ಕಿಲೋಮೀಟರ್.

1911ರಲ್ಲಿ ಸ್ಪರ್ಧೆ ಬೆಟ್ಟದ ದಾರಿಗೆ ಹೋಯಿತು. ಇಂದು ಒಂದು ಸುತ್ತಿಗೆ 60.7 ಕಿಲೋಮೀಟರ್. ಪೇಟೆಯ ಬೀದಿ, ಹಳ್ಳಿಯ ಸೇತುವೆ, ಮನೆಗಳ ಕಲ್ಲಿನ ಗೋಡೆ, ಸ್ನೇಫೆಲ್ ಬೆಟ್ಟದ ಮಗ್ಗುಲು, ಎಲ್ಲವೂ ಅದರೊಳಗೆ ಬರುತ್ತವೆ. ಪೀಟರ್ ಹಿಕ್‌ಮನ್ 2023ರಲ್ಲಿ ಈ ಸುತ್ತನ್ನು ಗಂಟೆಗೆ 219 ಕಿಲೋಮೀಟರ್ ಸರಾಸರಿಯಲ್ಲಿ ಮುಗಿಸಿ ದಾಖಲೆ ಮಾಡಿದ. ಆದರೆ ಈ ದಾರಿ ಕಸಿದುಕೊಂಡ ಜೀವಗಳೂ ಕಡಿಮೆಯಲ್ಲ. 1911ರಿಂದ ಈಚೆಗೆ ಇಲ್ಲಿ 260ಕ್ಕೂ ಹೆಚ್ಚು ಸ್ಪರ್ಧಿಗಳು ಸತ್ತಿದ್ದಾರೆ. 1972ರಲ್ಲಿ ಗೆಳೆಯ ಗಿಲ್ಬರ್ಟೊ ಪಾರ್ಲೊಟ್ಟಿ ಸತ್ತ ಮೇಲೆ ವಿಶ್ವ ಚಾಂಪಿಯನ್ ಜಾಕೊಮೊ ಅಗೊಸ್ಟಿನಿ ಇನ್ನು ಇಲ್ಲಿಗೆ ಬರುವುದಿಲ್ಲ ಎಂದ. 1976ರ ನಂತರ ಟಿ.ಟಿ.ಗೆ ವಿಶ್ವ ಚಾಂಪಿಯನ್‌ಷಿಪ್‌ನ ಮಾನ್ಯತೆ ಉಳಿಯಲಿಲ್ಲ. ಆದರೂ ಜನ ಬರುವುದು ನಿಲ್ಲಲಿಲ್ಲ.

ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ, ಮೇ ಕೊನೆ ಮತ್ತು ಜೂನ್ ಮೊದಲ ವಾರಗಳಲ್ಲಿ, ಇಂಗ್ಲೆಂಡಿನ ಬಂದರುಗಳಿಂದ ಹೊರಡುವ ಹಡಗುಗಳ ತುಂಬ ಬೈಕುಗಳು. ಜರ್ಮನಿ, ಫ್ರಾನ್ಸ್‌ಗಳಿಂದ ಸ್ವಂತ ಬೈಕಿನಲ್ಲೇ ಬರುವವರು ಅನೇಕರು. ಚರ್ಚಿನ ಅಂಗಳ, ಹೊಲದ ಬೇಲಿ, ಮನೆಯ ಕಾಂಪೌಂಡು, ಎಲ್ಲೆಲ್ಲೂ ಕುಳಿತು ನೋಡುತ್ತಾರೆ. ಕ್ರೀಡಾಂಗಣದ ರೇಸಿನಲ್ಲಿ ಪ್ರೇಕ್ಷಕ ಟಿಕೆಟ್ ಕೊಂಡವನು ಮಾತ್ರ. ಇಲ್ಲಿ ಅವನು ಬೆಳಿಗ್ಗೆ ತಾನೇ ಬೈಕ್ ಓಡಿಸಿಕೊಂಡು ಬಂದ ರಸ್ತೆಯಲ್ಲೇ ಮಧ್ಯಾಹ್ನ ರೇಸ್ ನಡೆಯುತ್ತದೆ. ಆ ತಿರುವು ಎಂಥದೆಂದು ಅವನಿಗೆ ಗೊತ್ತು. ಬೈಕಿನಲ್ಲೇ ಹೋಗಬೇಕೆಂಬ ಹಂಬಲದ ಗುಟ್ಟು ಇದು.

ಕನ್ನಡ ನಾಡಿಗೂ ಈ ಹಂಬಲದ ಚರಿತ್ರೆ ಇದೆ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪೆನಿ ಶುರುವಾಗಿ ಜೆಕೊಸ್ಲೊವಾಕಿಯದ ಜಾವಾ ಬೈಕುಗಳನ್ನು ಇಲ್ಲಿ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಎರಡು ಸೈಲೆನ್ಸರುಗಳ ಸದ್ದು ಮಲೆನಾಡಿನ ಘಾಟಿಗಳಲ್ಲಿ ಕೇಳಿದವರು ಇನ್ನೂ ಮರೆತಿಲ್ಲ. ಆ ಕಾಲದಲ್ಲಿ ರೇಸ್ ನೋಡುವುದೆಂದರೆ ಮದರಾಸಿನ ಬಳಿಯ ಶೋಲಾವರಂ. ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನದಾಣವೇ ಅಲ್ಲಿನ ಓಟದ ಕಣ. 1990ರಲ್ಲಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈನಲ್ಲಿ ಹೊಸ ಟ್ರ್ಯಾಕ್ ಆಯಿತು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ಬಳಿಯ ಗ್ರೇಟರ್ ನೊಯ್ಡಾದಲ್ಲಿ ಮೋಟೊ ಜಿ.ಪಿ. ರೇಸ್ ಮೊದಲ ಬಾರಿಗೆ ಭಾರತಕ್ಕೆ ಬಂತು, ಮರುವರ್ಷ ನಡೆಯಲಿಲ್ಲ. ಹೀಗಾಗಿ ದೊಡ್ಡ ರೇಸ್ ನೋಡಬೇಕೆಂದರೆ ಮಲೇಶಿಯದ ಸೆಪಾಂಗ್‌ಗೋ ಯುರೋಪಿಗೋ ಹೋಗಬೇಕು.

ಸ್ವಂತ ಬೈಕಿನಲ್ಲೇ ಹೊರದೇಶಕ್ಕೆ ಹೋಗುವುದು ಸುಲಭವಲ್ಲ. ನೇಪಾಳ, ಭೂತಾನಗಳಿಗೆ ಅಲ್ಲಿನ ಪರವಾನಗಿ ಸಾಕು. ಮಲೇಶಿಯ, ಇರಾನ್‌ಗಳಂಥ ದೇಶಗಳಿಗೆ ‘ಕಾರ್ನೆ’ ಎಂಬ ಪುಸ್ತಕ ಬೇಕು. ಅದನ್ನು ವಾಹನದ ಪಾಸ್‌ಪೋರ್ಟ್ ಎನ್ನಬಹುದು. ತಂದ ಬೈಕನ್ನು ಅಲ್ಲೇ ಮಾರಿದರೆ ಆ ದೇಶಕ್ಕೆ ಸುಂಕ ನಷ್ಟ. ಹಾಗೆ ಮಾಡುವುದಿಲ್ಲ ಎಂಬುದಕ್ಕೆ ಇಲ್ಲಿ ಠೇವಣಿಯೋ ಬ್ಯಾಂಕ್ ಖಾತರಿಯೋ ಕೊಡಬೇಕು. ಪುಸ್ತಕದ ಒಂದೊಂದು ಹಾಳೆಯಲ್ಲೂ ಮೂರು ಭಾಗ. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು ಸುಂಕದವರಿಗೆ. ಮೂರನೆಯದು, ಎರಡೂ ಮುದ್ರೆ ಬಿದ್ದದ್ದು, ಸವಾರನ ಸಾಕ್ಷಿ. ಜೊತೆಗೆ ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ವಿಮೆ, ವೀಸಾ. ಈ ತಾಪತ್ರಯ ಬೇಡವೆನ್ನುವವರು ವಿಮಾನದಲ್ಲಿ ಹೋಗಿ ಅಲ್ಲೇ ಬೈಕ್ ಬಾಡಿಗೆಗೆ ಹಿಡಿಯುತ್ತಾರೆ. ಬ್ರಿಟನ್, ಮಲೇಶಿಯಗಳಲ್ಲಿ ನಮ್ಮಂತೆ ರಸ್ತೆಯ ಎಡಬದಿ. ಫ್ರಾನ್ಸ್, ಇಟಲಿಗಳಲ್ಲಿ ಬಲಬದಿ. ಹೊಸಬರು ತಪ್ಪುವುದು ಹೆಚ್ಚಾಗಿ ಬೆಳಿಗ್ಗೆ ಖಾಲಿ ರಸ್ತೆಗೆ ಇಳಿಯುವ ಮೊದಲ ತಿರುವಿನಲ್ಲಿ.

ಇನ್ನು ಗುಂಪಿನ ಕ್ರಮ. ದಾರಿ ಬಲ್ಲವನು ಮುಂದೆ. ಅನುಭವಸ್ಥನೊಬ್ಬ ಎಲ್ಲರಿಗಿಂತ ಹಿಂದೆ. ಕೆಟ್ಟು ನಿಂತವರ ಬಳಿ ನಿಲ್ಲುವುದು ಅವನ ಕೆಲಸ. ಹೊಸಬರಿಗೆ ಮುಂದಾಳುವಿನ ಬೆನ್ನಿಗೇ ಜಾಗ. ಒಬ್ಬರ ಹಿಂದೆ ಒಬ್ಬರು ನೇರವಾಗಿ ಹೋಗದೆ, ರಸ್ತೆಯ ಒಂದೇ ಸಾಲಿನೊಳಗೆ ಓರೆಯಾಗಿ, ಎರಡು ಸೆಕೆಂಡಿನ ಅಂತರ ಬಿಟ್ಟು ಸಾಗಬೇಕು. ತಿರುವುಗಳಲ್ಲಿ ಒಂಟಿಸಾಲು. ಕವಲುದಾರಿ ಬಂದಾಗ ಹಿಂದಿನವನು ಕಾಣುವ ತನಕ ನಿಲ್ಲಬೇಕು. ಎಲ್ಲಿ ಪೆಟ್ರೋಲ್ ಹಾಕಿಸಬೇಕೆಂಬುದನ್ನು ತೀರ್ಮಾನಿಸುವುದು ಅತಿ ಚಿಕ್ಕ ಟ್ಯಾಂಕಿನ ಬೈಕು. ರೇಸಿನಲ್ಲಿ ಎಲ್ಲರ ಕಣ್ಣು ಮೊದಲನೆಯವನ ಮೇಲೆ. ಪ್ರಯಾಣದಲ್ಲಿ ಅದು ಕೊನೆಯವನ ಮೇಲೆ ಇರಬೇಕು.

ಅಪಾಯ ಬರುವುದು ಈ ಎರಡನ್ನೂ ಬೆರೆಸಿದಾಗ. ಟಿ.ಟಿ.ಯ ನಡುವಣ ಭಾನುವಾರಕ್ಕೆ ‘ಹುಚ್ಚು ಭಾನುವಾರ’ ಎಂದೇ ಹೆಸರಿತ್ತು. ಆ ದಿನ ಪ್ರೇಕ್ಷಕರು ರೇಸಿನ ದಾರಿಯಲ್ಲಿ ತಾವೂ ಓಡುತ್ತಿದ್ದರು, ಬಿದ್ದು ಸತ್ತವರಿದ್ದಾರೆ. ಅಂಥ ಅಪಾಯಕ್ಕಾಗಿಯೇ ಟಿ.ಟಿ.ಯ ದಿನಗಳಲ್ಲಿ ಬೆಟ್ಟದ ರಸ್ತೆಯನ್ನು ಒಮ್ಮುಖ ಮಾಡುತ್ತಾರೆ. ರೇಸಿನ ಹೊತ್ತಿನಲ್ಲಾದರೋ, ರಸ್ತೆ ಮುಚ್ಚಿದೆ ಎಂದು ಸಾರುವ ಕಾರು ಹಾದುಹೋದ ಮೇಲೆ ಆ ಊರಿನವರೂ ರಸ್ತೆ ದಾಟುವಂತಿಲ್ಲ. ಅಷ್ಟು ಹೊತ್ತು ಅದು ರಸ್ತೆಯೇ ಅಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಹೇಳುವುದೂ ಇದನ್ನೇ: ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪನವೇಲಿನಿಂದ ಕನ್ಯಾಕುಮಾರಿಯವರೆಗಿನ ರಾಷ್ಟ್ರೀಯ ಹೆದ್ದಾರಿ 66 ಒಂದು ಗಂಟೆ ಹೊತ್ತೂ ಮುಚ್ಚುವ ರಸ್ತೆಯಲ್ಲ. ಕಾಸರಕೋಡಿನ ಬಂದರಿನಿಂದ ಮೀನಿನ ಬುಟ್ಟಿ ಹೊತ್ತವರು, ಶಾಲೆ ಬಿಟ್ಟ ಮಕ್ಕಳು, ಮೇಯಲು ಹೊರಟ ದನಗಳು ಅದನ್ನು ದಿನವೂ ದಾಟುತ್ತಾರೆ. ವೇಗ ಬೇಕೆನ್ನುವವನಿಗೆ ಟ್ರ್ಯಾಕ್ ಇದೆ. ಅಲ್ಲಿಯೂ ಅದಕ್ಕೆ ಬೆಲೆ ಇದೆ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್ 2021ರ ರ‍್ಯಾಲಿಯಲ್ಲಿ ಬಿದ್ದು ತೀವ್ರ ಗಾಯಗೊಂಡರು. ವೈದ್ಯರು, ಹೆಲಿಕಾಪ್ಟರ್ ಸಿದ್ಧವಿದ್ದ ಸ್ಪರ್ಧೆ ಅದು. ಹೆದ್ದಾರಿಯಲ್ಲಿ ಬಿದ್ದವನಿಗೆ ಅವು ಯಾವುವೂ ಇರುವುದಿಲ್ಲ.

ಅಪ್ಸರಕೊಂಡದ ಕವಲಿನಲ್ಲಿ ಒಮ್ಮೊಮ್ಮೆ ಒಂಟಿ ಬೈಕೊಂದು ದಾರಿ ಬದಿಗೆ ನಿಂತಿರುತ್ತದೆ. ಸವಾರ ಹೆಲ್ಮೆಟ್ ತೆಗೆದು ಹಿಂದಕ್ಕೆ ನೋಡುತ್ತಿರುತ್ತಾನೆ. ಬೈಕ್ ಕೆಟ್ಟಿತೆಂದು ಭಾವಿಸಬೇಕಿಲ್ಲ. ಅವನು ಕೊನೆಯವನಿಗಾಗಿ ಕಾಯುತ್ತಿದ್ದಾನೆ.