ಹಾಸ್ಟೆಲ್ ಬಿಡದ ಮೇಷ್ಟ್ರು

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಂಥ ಊರಿನಿಂದ ಹುಡುಗನೊಬ್ಬ ಓದಲು ಮೈಸೂರಿಗೋ ಬೆಂಗಳೂರಿಗೋ ಹೊರಟನೆಂದರೆ, ಮನೆಯವರು ಮೊದಲು ಕೇಳುವುದು 'ಹಾಸ್ಟೆಲ್ ಸಿಕ್ತಾ?' ಎಂದು. ಸಿಕ್ಕಿತೆಂದರೆ ಅರ್ಧ ಓದು ಮುಗಿದಷ್ಟು ನೆಮ್ಮದಿ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ.

ಎಚ್ಚೆನ್ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, ಕಡುಬಡತನದ ಮನೆಯಲ್ಲಿ. ಎಂಟನೇ ತರಗತಿ ಮುಗಿಯಿತು. ಮುಂದೆ ಓದಲು ಊರಲ್ಲಿ ಹೈಸ್ಕೂಲಿಲ್ಲ. ಅಲ್ಲಿಗೇ ನಿಂತುಬಿಡಬಹುದಾಗಿದ್ದ ಓದು ಅದು. ಆದರೆ ಅವರಿಗೆ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾಯರು ಅಷ್ಟರಲ್ಲಿ ಬೆಂಗಳೂರು ಸೇರಿದ್ದರು. ಅವರು ಹುಡುಗನನ್ನು ಮರೆಯಲಿಲ್ಲ, ಬಂದುಬಿಡು ಎಂದರು. ರೈಲಿಗೆ ದುಡ್ಡಿರಲಿಲ್ಲ. 1935ರಲ್ಲಿ ಆ ಹುಡುಗ ಎರಡು ದಿನ ನಡೆದು, ಸುಮಾರು 80 ಕಿಲೋಮೀಟರ್ ದಾರಿ ಸವೆಸಿ, ಬೆಂಗಳೂರು ಮುಟ್ಟಿದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಳಿದುಕೊಂಡ. ಮರುವರ್ಷ ಆ ಶಾಲೆಗೆ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡದಲ್ಲಿ ಹೇಳಿದವನು ಇದೇ ವಿದ್ಯಾರ್ಥಿ. ಒಬ್ಬ ಮೇಷ್ಟ್ರು ತಮ್ಮ ಹಳೆಯ ಶಿಷ್ಯನನ್ನು ನೆನಪಿಟ್ಟುಕೊಂಡದ್ದಕ್ಕೆ ನಾಡಿಗೆ ಸಿಕ್ಕ ಫಲ ಎಷ್ಟು ದೊಡ್ಡದು ನೋಡಿ!

ಮುಂದಿನದೆಲ್ಲ ಬಹಳ ಮಂದಿಗೆ ಗೊತ್ತು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದದ್ದು, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದದ್ದು, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಡಾಕ್ಟರೇಟ್ ಪಡೆದದ್ದು, ಆಮೇಲೆ ಪ್ರಿನ್ಸಿಪಾಲರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, 1984ರಲ್ಲಿ ಪದ್ಮಭೂಷಣ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ವಾಸ. ಮದುವೆಯಾಗಲಿಲ್ಲ, ಮನೆ ಕಟ್ಟಿಸಲಿಲ್ಲ. ಅಮೆರಿಕದಿಂದ ಬಂದ ಮೇಲೂ ಖಾದಿ ಪಂಚೆ, ಜುಬ್ಬ, ತಲೆಗೆ ಗಾಂಧಿ ಟೋಪಿ. ಇರುವುದು ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ, ಹುಡುಗರ ನಡುವೆ. ನಿವೃತ್ತಿಯ ನಂತರವೂ ಅವರು ಅಲ್ಲಿಂದ ಕದಲಲಿಲ್ಲ. ಹಳ್ಳಿಯಿಂದ ಟ್ರಂಕು ಹೊತ್ತು ಬಂದ ಹುಡುಗನಿಗೆ, ಕುಲಪತಿಯಾಗಿದ್ದವರೂ ತನ್ನಂತೆಯೇ ಒಂದು ಕೋಣೆಯವರು ಎಂಬುದು ಎಂಥ ಧೈರ್ಯ ಕೊಟ್ಟಿರಬೇಡ! ಸರಳತೆಯ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಇವರು ಕೋಣೆ ಬದಲಿಸಲಿಲ್ಲ, ಅಷ್ಟೇ.

ಪಾಠ ಹೇಳುವುದೆಂದರೆ ಪ್ರಶ್ನೆ ಕೇಳುವುದನ್ನು ಕಲಿಸುವುದು ಎಂದು ಅವರು ನಂಬಿದ್ದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನದ ಉಪನ್ಯಾಸಗಳನ್ನು ಯಾರು ಬೇಕಾದರೂ ಬಂದು ಕೇಳುವಂತೆ ಮಾಡಿದರು. ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ದೊಡ್ಡ ಗಲಾಟೆಯೇ ಎದ್ದಿತು. ಅವರು ಜಗ್ಗಲಿಲ್ಲ. ತರಗತಿಯಲ್ಲಿ ಹುಡುಗರಿಗೆ ಹೇಳಿದ್ದನ್ನು ಹೊರಗೂ ಪಾಲಿಸಿದ ಅಧ್ಯಾಪಕರು ಅವರು. ಇಂದಿನ ದಿನಗಳಲ್ಲಿ ಅಂಥದ್ದೊಂದು ಸಮಿತಿಗೆ ಸಹಿ ಹಾಕುವ ಕುಲಪತಿ ಸಿಗುವುದು ಕಷ್ಟ ಎಂದು ನನಗನ್ನಿಸುತ್ತದೆ.

ತಮ್ಮ ಬದುಕಿನ ಕಥೆಗೆ ಅವರಿಟ್ಟ ಹೆಸರು 'ಹೋರಾಟದ ಹಾದಿ'. 2005ರ ಜನವರಿ 31ರಂದು ತೀರಿಕೊಂಡರು. ಅಷ್ಟರಲ್ಲಿ ಅವರು ಮುನ್ನಡೆಸಿದ ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕಾಲೇಜುಗಳು ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನಡೆಯುತ್ತಿದ್ದವು. ಆ ಸೀಮೆಯ ಮಕ್ಕಳು ಓದಿಗಾಗಿ ಬೆಂಗಳೂರಿನವರೆಗೆ ನಡೆಯಬೇಕಾಗಿರಲಿಲ್ಲ.