ಪ್ಲಾಸ್ಮಾ ಗುಳ್ಳೆ

ಪ್ಲಾಸ್ಮಾ ಗುಳ್ಳೆ ಎಂಬುದು ಭೂಕಾಂತೀಯ ಸಮಭಾಜಕದ ಆಸುಪಾಸಿನ ಅಯಾನುಗೋಳದಲ್ಲಿ ಸೂರ್ಯಾಸ್ತದ ಬಳಿಕ ರೂಪುಗೊಳ್ಳುವ, ಸುತ್ತಲಿಗಿಂತ ಎಲೆಕ್ಟ್ರಾನ್ ಸಾಂದ್ರತೆ ಬಹಳ ಕಡಿಮೆಯಿರುವ ಪ್ರದೇಶ. ಇದನ್ನು ಹಾದುಬರುವ ಉಪಗ್ರಹಗಳ ರೇಡಿಯೋ ಸಂಕೇತಗಳು ನಕ್ಷತ್ರಗಳಂತೆ ಮಿನುಗುತ್ತವೆ. ಅಯಾನುಗೋಳದ ಇಂತಹ ಅಕ್ರಮತೆಗಳನ್ನು 1938ರಲ್ಲಿ ಬುಕರ್ ಮತ್ತು ವೆಲ್ಸ್ ಪೆರು ದೇಶದ ಹುವಾಂಕಾಯೊದ ದಾಖಲೆಗಳ ಆಧಾರದಿಂದ ವರದಿ ಮಾಡಿದರು. ಎಫ್ ಪದರದಿಂದ ಮರಳುವ ಪ್ರತಿಧ್ವನಿಯ ಗೆರೆ ಚದುರಿದಂತೆ ಕಾಣುವುದರಿಂದ ವಿದ್ಯಮಾನಕ್ಕೆ ‘ಸ್ಪ್ರೆಡ್-ಎಫ್’ ಎಂಬ ಹೆಸರು ಬಂದಿದೆ.

ಉಂಟಾಗುವ ಬಗೆ

ಸೂರ್ಯ ಮುಳುಗಿದೊಡನೆ ಕೆಳಗಿನ ಪದರಗಳ ಅಯಾನುಗಳು ಬೇಗ ಮರುಸಂಯೋಜನೆಗೊಂಡು ಇಲ್ಲವಾಗುತ್ತವೆ. ಮೇಲಿನ ಎಫ್ ಪದರ ಉಳಿಯುತ್ತದೆ. ಇದೇ ವೇಳೆ ಪೂರ್ವಾಭಿಮುಖವಾಗಿ ಬೀಸುವ ಮೇಲ್ಮಟ್ಟದ ಗಾಳಿಯು ವಿದ್ಯುತ್ ಕ್ಷೇತ್ರವನ್ನು ಬಲಪಡಿಸಿ ಆ ಪದರವನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ದಟ್ಟ ಪ್ಲಾಸ್ಮಾ ಮೇಲೆ, ವಿರಳ ಪ್ಲಾಸ್ಮಾ ಕೆಳಗೆ ಇರುವ ಈ ಸ್ಥಿತಿ ಎಣ್ಣೆಯ ಮೇಲೆ ನೀರನ್ನು ನಿಲ್ಲಿಸಿದಂತೆ ಅಸ್ಥಿರ. ಇದನ್ನು ರೇಲೀ-ಟೇಲರ್ ಅಸ್ಥಿರತೆ ಎನ್ನುತ್ತಾರೆ.

ಆದರೆ ಅಸ್ಥಿರತೆ ಬೆಳೆಯಲು ಒಂದು ಆರಂಭಿಕ ಅಲುಗಾಟ ಬೇಕು. ಗುಡುಗುಮೋಡಗಳಿಂದ ಹೊರಟು ಮೇಲೇರುವ ಗುರುತ್ವ ಅಲೆಗಳು ಪದರದ ತಳವನ್ನು ಏರಿಳಿತಗೊಳಿಸಿ ಆ ಬೀಜವನ್ನು ಒದಗಿಸುತ್ತವೆ ಎಂಬುದು ಪ್ರಬಲ ಅಭಿಪ್ರಾಯ. (ಇವು ಗಾಳಿಯ ಅಲೆಗಳು, ಐನ್‌ಸ್ಟೈನ್ ಹೇಳಿದ ಗುರುತ್ವ ತರಂಗಗಳಿಗೂ ಇವಕ್ಕೂ ಸಂಬಂಧವಿಲ್ಲ.) ಉತ್ತರ-ದಕ್ಷಿಣವಾಗಿ ಬೀಸುವ ಗಾಳಿ ಬಲವಾಗಿದ್ದರೆ ಗುಳ್ಳೆಯ ಬೆಳವಣಿಗೆ ಕುಂಠಿತವಾಗಬಹುದು. ಒಂದೇ ತಿಂಗಳಿನ ಎರಡು ಸಂಜೆಗಳಲ್ಲಿ ಒಂದರಲ್ಲಿ ಗುಳ್ಳೆ ಎದ್ದು ಇನ್ನೊಂದರಲ್ಲಿ ಏಳದಿರುವುದೇಕೆ ಎಂಬುದನ್ನು ಮುಂಚಿತವಾಗಿ ಹೇಳುವುದು ಇಂದಿಗೂ ಕಠಿಣ.

ಭಾರತದಲ್ಲಿ

ಕಾಂತೀಯ ಸಮಭಾಜಕವು ಭಾರತದ ದಕ್ಷಿಣ ತುದಿಯ ಬಳಿ ಹಾಯುತ್ತದೆ. ರಾಕೆಟ್ ಉಡಾವಣೆಗೆ ಕೇರಳದ ತುಂಬಾವನ್ನು ಆರಿಸಿದ್ದು ಇದೇ ಕಾರಣಕ್ಕೆ. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ ಸೋಡಿಯಂ ಆವಿಯನ್ನು ಚೆಲ್ಲಿ ಮೇಲ್ಮಟ್ಟದ ಗಾಳಿಯನ್ನು ಅಳೆಯಲು ನೆರವಾಯಿತು.

ಗುಳ್ಳೆಯು ಕಾಂತರೇಖೆಗಳ ಉದ್ದಕ್ಕೂ ಚಾಚಿಕೊಳ್ಳುವುದರಿಂದ, ಸಮಭಾಜಕದ ಮೇಲೆ ಅದು ಎತ್ತರಕ್ಕೆ ಏರಿದಷ್ಟೂ ಅದರ ತುದಿಗಳು ಉತ್ತರ-ದಕ್ಷಿಣವಾಗಿ ದೂರ ಸರಿಯುತ್ತವೆ. ಹೀಗೆ ಸಾಕಷ್ಟು ಮೇಲೇರಿದ ಗುಳ್ಳೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕುಬಿಹಾಳದ ಆಕಾಶವನ್ನೂ ತಲುಪಬಲ್ಲದು. ಭಾರತದಲ್ಲಿ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಇವು ಹೆಚ್ಚಾಗಿ ಕಾಣಿಸುತ್ತವೆ.

ಇದು ಕೇವಲ ಶಾಸ್ತ್ರೀಯ ಕುತೂಹಲದ ವಿಷಯವಲ್ಲ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಜಂಟಿಯಾಗಿ ರೂಪಿಸಿದ ‘ಗಗನ್’ ವ್ಯವಸ್ಥೆ ವಿಮಾನಗಳಿಗೆ ಜಿಪಿಎಸ್ ತಿದ್ದುಪಡಿಗಳನ್ನು ಕಳುಹಿಸುತ್ತದೆ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಅಯಾನುಗೋಳ ಶಾಂತವಾಗಿದ್ದಾಗ ಅದರಿಂದಾಗುವ ವಿಳಂಬವನ್ನು ಲೆಕ್ಕಹಾಕಿ ಸರಿಪಡಿಸಬಹುದು. ಗುಳ್ಳೆಯ ಅಂಚಿನಲ್ಲಾದರೋ ಸಾಂದ್ರತೆ ಅಲ್ಪ ದೂರದಲ್ಲೇ ಬದಲಾಗುವುದರಿಂದ ಲೆಕ್ಕ ತಪ್ಪುತ್ತದೆ. ಮಿನುಗು ತೀವ್ರವಾದರೆ ಗ್ರಾಹಕಕ್ಕೆ ಕೆಲವು ಉಪಗ್ರಹಗಳ ಸಂಕೇತವೇ ಕೈತಪ್ಪುತ್ತದೆ. ಎರಡು ಆವೃತ್ತಿಗಳನ್ನು ಬಳಸುವ ಗ್ರಾಹಕವು ವಿಳಂಬವನ್ನು ನಿವಾರಿಸಬಲ್ಲದಾದರೂ ಹೀಗೆ ಕಳೆದುಹೋದ ಸಂಕೇತವನ್ನು ಮರಳಿ ತರಲಾರದು.