ದನಕ್ಕೆ ಚುಚ್ಚಿದ್ದು, ಕಾಡಿಗೆ ದಕ್ಕಿದ್ದು

ಜುಲೈ ಬಂತೆಂದರೆ ಪೂರ್ವ ಆಫ್ರಿಕ ಪ್ರವಾಸದ ಜಾಹೀರಾತುಗಳಲ್ಲಿ ಒಂದೇ ಚಿತ್ರ: ಕೆಸರು ಬಣ್ಣದ ಮಾರಾ ನದಿಗೆ ದಡದಿಂದ ಧುಮುಕುವ ವೈಲ್ಡ್‌ಬೀಸ್ಟ್‌ಗಳ ಸಾಲು, ಕೆಳಗೆ ಬಾಯಿ ತೆರೆದ ಮೊಸಳೆ, ಜೊತೆಗೆ ‘ಅನಾದಿ ಕಾಲದ ಮಹಾವಲಸೆ’ ಎಂಬ ಒಕ್ಕಣೆ. ವಲಸೆ ಹಳೆಯದೇ, ಅನುಮಾನವಿಲ್ಲ. ಆದರೆ ಸುಮಾರು 13 ಲಕ್ಷ ಪ್ರಾಣಿಗಳ ಈ ಮಂದೆಗೆ ಅಷ್ಟು ವಯಸ್ಸಾಗಿಲ್ಲ. 1950ರ ದಶಕದಲ್ಲಿ ತಾಂಜಾನಿಯಾದ ಸೆರೆಂಗೆಟಿ ಬಯಲಿಗೆ ಹೋದವರಿಗೆ ಇದರ ಕಾಲುಭಾಗವೂ ಕಾಣಸಿಗುತ್ತಿರಲಿಲ್ಲ.

ಕಥೆ ಶುರುವಾಗುವುದು ದನದಿಂದ. ಅದೂ ಬಹಳಷ್ಟು ಇತಿಹಾಸಕಾರರು ಹೇಳುವಂತೆ, ನಮ್ಮ ದೇಶದ ದನದಿಂದ. 1887ರಲ್ಲಿ ಇಟಲಿಯ ಸೇನೆಗೆಂದು ಎರಿಟ್ರಿಯಾದ ಮಸಾವಾ ಬಂದರಿನಲ್ಲಿ ಇಳಿಸಿದ ಭಾರತದ ರಾಸುಗಳ ಜೊತೆ ರಿಂಡರ್‌ಪೆಸ್ಟ್, ಅಂದರೆ ನಮ್ಮ ಹಳ್ಳಿಯ ಹಿರಿಯರು ನಡುಗುತ್ತಿದ್ದ ದೊಡ್ಡರೋಗ, ಆ ನೆಲಕ್ಕೆ ಕಾಲಿಟ್ಟಿತು. ಹತ್ತೇ ವರ್ಷದಲ್ಲಿ ಖಂಡದ ದಕ್ಷಿಣ ತುದಿ ಮುಟ್ಟಿತು. ಹಾಲು, ರಕ್ತ, ಮಾಂಸ ಎಲ್ಲಕ್ಕೂ ದನವನ್ನೇ ನಂಬಿದ್ದ ಮಸಾಯಿಗಳ ದೊಡ್ಡಿಗಳು ಬರಿದಾದವು. ಹಿಂದೆಯೇ ಸಿಡುಬೂ ಬಂತು. 1892ರಲ್ಲಿ ಸೆರೆಂಗೆಟಿ ಪಕ್ಕದ ಗೊರೊಂಗೊರೊ ಹಾದುಹೋದ ಆಸ್ಟ್ರಿಯಾದ ಅನ್ವೇಷಕ ಆಸ್ಕರ್ ಬೌಮನ್, ಎಲುಬಿನ ಗೂಡಾದ ಹೆಂಗಸರನ್ನೂ ತೆವಳಲೂ ತ್ರಾಣವಿಲ್ಲದ ಯೋಧರನ್ನೂ ಕಂಡು ಬರೆದಿಟ್ಟಿದ್ದಾರೆ.

ಮೇಯುವ ದನವಿಲ್ಲ, ಹುಲ್ಲಿಗೆ ಬೆಂಕಿಯಿಡುವ ದನಗಾಹಿಯಿಲ್ಲ. ಬಯಲಲ್ಲಿ ಪೊದೆ ಬೆಳೆಯಿತು, ಪೊದೆಗೆ ನಿದ್ದೆರೋಗ ಹರಡುವ ತ್ಸೆತ್ಸೆ ನೊಣ ಸೇರಿತು, ಉಳಿದ ಜನವೂ ದೂರ ಸರಿದರು. ಆಮೇಲೆ ಬಂದ ಬಿಳಿಯರು ಈ ಬಿಕೋ ಎನ್ನುವ ನೆಲವನ್ನೇ ಮನುಷ್ಯರ ಕೈ ಸೋಂಕದ ಆದಿಮ ಕಾಡೆಂದು ನಂಬಿದರು. ಸಫಾರಿ ಎಂಬ ಉದ್ಯಮ ನಿಂತಿರುವುದು ಈ ನಂಬಿಕೆಯ ಮೇಲೆಯೇ. 1909ರಲ್ಲಿ ಬಂದೂಕು ಹಿಡಿದು ಬಂದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮತ್ತು ಮಗ ಸೇರಿ ಹೊಡೆದುರುಳಿಸಿದ ಪ್ರಾಣಿಗಳು 512. ನಿಧಾನಕ್ಕೆ ಕ್ಯಾಮೆರಾ ಬಂತು. 1946ರಲ್ಲಿ ನೈರೋಬಿ, 1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಗಳಾದವು. ಕೆನ್ಯಾ ಶಿಕಾರಿಯನ್ನು ನಿಷೇಧಿಸಿದ್ದು 1977ರಲ್ಲಿ.

ಆದರೆ ರೋಗ ಹೋಗಿರಲಿಲ್ಲ. ಗಿಣ್ಣುಹಾಲಿನಲ್ಲಿ ತಾಯಿ ಕೊಟ್ಟ ರಕ್ಷಣೆ ಕೆಲವು ತಿಂಗಳಲ್ಲಿ ಕರಗುತ್ತಿದ್ದಂತೆ ವೈಲ್ಡ್‌ಬೀಸ್ಟ್ ಕರುಗಳು ಪ್ರತಿವರ್ಷ ರಾಶಿರಾಶಿಯಾಗಿ ಸಾಯುತ್ತಿದ್ದವು. ಕಾಡುಪ್ರಾಣಿಯಿಂದ ದನಕ್ಕೆ ರೋಗ ತಗಲುತ್ತದೆ ಎಂದು ದೂರುವುದು ಸುಲಭವಿತ್ತು, ನಡೆಯುತ್ತಿದ್ದುದು ತದ್ವಿರುದ್ಧ. 1920ರ ದಶಕದಲ್ಲಿ ನಮ್ಮ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್, ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಅದರ ಉಗ್ರತೆ ತಗ್ಗಿಸಿ ಲಸಿಕೆ ಮಾಡಿದ್ದರು. ಅದೇ ಜಾಡಿನ ಲಸಿಕೆ ಕೆನ್ಯಾದ ಕಬೆಟೆಯಲ್ಲೂ ತಯಾರಾಯಿತು. ಮುಂದೆ ಮುಗುಗಾದಲ್ಲಿ ವಾಲ್ಟರ್ ಪ್ಲೌರೈಟ್ ಇನ್ನೂ ಉತ್ತಮವಾದದ್ದನ್ನು ಕಂಡುಹಿಡಿದರು. ಚುಚ್ಚಿದ್ದೆಲ್ಲ ಸೆರೆಂಗೆಟಿಯ ಸುತ್ತಲಿನ ದನಗಳಿಗೆ. ಕಾಡಿನ ಒಂದು ಪ್ರಾಣಿಗೂ ಸೂಜಿ ತಾಕಿಸಲಿಲ್ಲ. ಆದರೂ 1963ರ ಹೊತ್ತಿಗೆ ವೈಲ್ಡ್‌ಬೀಸ್ಟ್‌ಗಳಲ್ಲಿ ರೋಗ ಮಾಯವಾಯಿತು.

ಇದು ಗೊತ್ತಾದ ಬಗೆ ಸೊಗಸಾಗಿದೆ. ಪರಿಸರ ವಿಜ್ಞಾನಿ ಆಂಟನಿ ಸಿಂಕ್ಲೇರ್ ಕಾಡೆಮ್ಮೆಗಳ ರಕ್ತ ಪರೀಕ್ಷೆಯ ಲೆಕ್ಕ ನೋಡಿದಾಗ, ವಯಸ್ಸಾದವುಗಳಲ್ಲಿ ರೋಗದ ಪ್ರತಿಕಾಯಗಳಿದ್ದವು; 1963ರ ನಂತರ ಹುಟ್ಟಿದವುಗಳಲ್ಲಿ ಇರಲಿಲ್ಲ. ಇನ್ನೊಂದು ಸಾಕ್ಷಿ ಜೀಬ್ರಾ. ಅದು ಮೆಲುಕು ಹಾಕುವ ಪ್ರಾಣಿಯಲ್ಲ, ದೊಡ್ಡರೋಗ ಅದಕ್ಕೆ ಬರುವುದಿಲ್ಲ. ಪಕ್ಕದಲ್ಲೇ ಮೇಯುವ ವೈಲ್ಡ್‌ಬೀಸ್ಟ್ 1961ರ ಸುಮಾರು ಎರಡೂವರೆ ಲಕ್ಷದಿಂದ 1977ಕ್ಕೆ 13 ಲಕ್ಷ ದಾಟಿದಾಗ, ಜೀಬ್ರಾಗಳ ಸಂಖ್ಯೆ ಇದ್ದಲ್ಲೇ ಇತ್ತು. ಇಷ್ಟು ಬಾಯಿಗಳು ಹುಲ್ಲು ಮೇದು ಮುಗಿಸಿದ್ದರಿಂದ ಕಾಳ್ಗಿಚ್ಚಿಗೆ ಮೇವು ಕಡಿಮೆಯಾಯಿತು, ಅಕೇಶಿಯಾ ಸಸಿಗಳು ಬದುಕಿ ಮರವಾದವು, ಜಿರಾಫೆಗಳಿಗೆ ಸೊಪ್ಪು ಸಿಕ್ಕಿತು. ಸಿಂಹ, ಕತ್ತೆಕಿರುಬಗಳಿಗಂತೂ ಹಬ್ಬ. 2011ರಲ್ಲಿ ರೋಗ ಇಡೀ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾಯಿತು.

ಲಸಿಕೆ ಹಾಕಿಸಿಕೊಂಡ ಆ ದನಗಳಿಗೆ ಮಾತ್ರ ಸೆರೆಂಗೆಟಿ ಉದ್ಯಾನದೊಳಗೆ ಜಾಗವಿಲ್ಲ. 1959ರಲ್ಲಿ ಮಸಾಯಿಗಳನ್ನು ಅಲ್ಲಿಂದ ಎಬ್ಬಿಸಿ ಗೊರೊಂಗೊರೊ ಕಡೆಗೆ ಕಳಿಸಿದರು, ಅಲ್ಲಿ ಇರಬಹುದು ಎಂಬ ಭರವಸೆಯೊಂದಿಗೆ. 2022ರಿಂದ ತಾಂಜಾನಿಯಾ ಸರ್ಕಾರ ಅಲ್ಲಿಂದಲೂ ಅವರನ್ನು ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾಕ್ಕೆ ಸಾಗಿಸುತ್ತಿದೆ. ಸ್ವಇಚ್ಛೆಯ ಸ್ಥಳಾಂತರ ಎನ್ನುತ್ತದೆ ಸರ್ಕಾರ. ಒಕ್ಕಲೆಬ್ಬಿಸುವುದು ಎನ್ನುತ್ತಾರೆ ಮಸಾಯಿಗಳು.